ಬಾಟಲಿ ಗಿಡದ ಬೇರು

ಹಟ್ಟಿಬಾಗಿಲಿಗೆ ಇನ್ನೂ ನಾಲ್ಕು ಮಾರು ಇರುವಾಗಲೇ ಅನಸೂಯಳ ಮೂಗಿಗೆ ವಾಸನೆ ಬಡಿಯಿತು. ಮಾಕಳಿ ಬೇರಿನ ವಾಸನೆ. ಅರ್ಧ ನಾಟಿ ಔಷಧಿ ಅಂಗಡಿ, ಅರ್ಧ ಮಿಠಾಯಿ ಅಂಗಡಿ ಬೆರೆತಂಥ ಆ ಗಮಲು ಒಮ್ಮೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಬೆಳಗ್ಗೆ ಏಳರ ಬಸ್ಸಿಗೆ ಪಾಂಡವಪುರಕ್ಕೆ ಹೋಗಿ, ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳ ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ತಿಪ್ಪೆಯ ಅಂಚಿನಲ್ಲಿ ಕಂದು ಸಿಪ್ಪೆ, ಬಿಳಿ ನಾರು ಬಿದ್ದಿದ್ದವು. ಇನ್ನೂ ಗೂಡು ಸೇರದ ಕೋಳಿಯೊಂದು ಅದನ್ನು ಕೆದಕುತ್ತಿತ್ತು.

ತೊಣ್ಣೂರು ಕೆರೆಯಾಚೆಯ ಈ ಹಳ್ಳಿಗಳಲ್ಲಿ ಈಗ ಮಾಕಳಿ ಅಂತ ಇರುವುದು ಒಂದೇ ಕಡೆ, ಅವರದೇ ಹೊಲದ ಬದುವಿನ ಮೇಲೆ. ಐದೇ ಗಿಡ. ನಾಳೆ ಹನ್ನೊಂದು ಗಂಟೆಗೆ ಮೂರು ಜನರ ಕಣ್ಣೆದುರು ಅವುಗಳ ಬೇರನ್ನು ಅಗೆದು ತೋರಿಸಬೇಕಿತ್ತು.

ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದಳು. ಪಡಸಾಲೆಯಲ್ಲಿ ಅತ್ತೆ ದೊಡ್ಡತಾಯಮ್ಮ ಈಳಿಗೆಮಣೆ ಮೆಟ್ಟಿಕೊಂಡು ಕುಳಿತಿದ್ದರು. ಮುಂದೆ ಮೊರದ ತುಂಬ ಬೆಳ್ಳನೆಯ ಹೋಳು. ಪಕ್ಕದಲ್ಲಿ ಹಿಂಡಿಟ್ಟ ನಿಂಬೆರಸ, ಕಲ್ಲುಪ್ಪು, ತೊಳೆದು ಬಿಸಿಲಿಗೆ ಒಣಗಿಸಿದ ಎರಡು ಭರಣಿ.

"ಬಂದ್ಯಾ? ಕೈಕಾಲ್ ತೊಳ್ಕಂಡು ಬಾ. ಒಂದ್ ಚೂರು ಬಾಯ್ಗಾಕ್ಕಂಡು ಉಪ್ಪು ಸಾಕಾ ಏಳು."

"ಎಲ್ಲೀದು ಅತ್ತೆ ಇದು?"

"ಎಲ್ಲೀದು ಅಂದ್ರೆ? ನಿಂದೇಯ. ಬದಿನ್ ಮೇಲಿದ್ದುದ್ದು."

"ಐದು ಗಿಡದ್ದೂ?"

"ಐದ್ರುದ್ದೂ ಕಿತ್ರೆ ತಾನೆ ನಾಕ್ ಜನುಕ್ಕೆ ಸಾಲೋದು? ಕರಿಯಯ್ಯ ವತ್ತಾರೆಗೇ ಬಂದು ಅಗ್ದುಕೊಟ್ಟೋದ. ಪುಣ್ಯಾತ್ಮ, ಒಂದ್ ಬೇರೂ ಮುರೀದಂಗೆ ತೆಗ್ದವ್ನೆ."

ಅನಸೂಯ ಬ್ಯಾಗನ್ನು ಕಂಬಕ್ಕೆ ಒರಗಿಸಿ ಇಟ್ಟು ಅಲ್ಲೇ ಕುಳಿತಳು. ಬ್ಯಾಗಿನೊಳಗೆ ನಾಳೆ ಬರುವವರಿಗೆ ತೋರಿಸಲೆಂದು ಕಾಗದ ಸುತ್ತಿ ತಂದಿದ್ದ ಒಂದು ಗಾಜಿನ ಬಾಟಲಿ, ಬಾಟಲಿಯೊಳಗೆ ಬೆರಳುದ್ದದ ಒಂದು ಮಾಕಳಿ ಸಸಿ. ಕೂಗಾಡಲು ಬಾಯಿ ತೆರೆದಳು. ತೆರೆದ ಮೇಲೆ ಮಾತು ನಿಲ್ಲಲಿಲ್ಲ.

ಈ ಐದು ಗಿಡಕ್ಕೆ ಅವಳು ಸುರಿದದ್ದು ಆರು ವರ್ಷ. ಪಾಂಡವಪುರದ ಆ ಸಣ್ಣ ಪ್ರಯೋಗಾಲಯದಲ್ಲಿ ಮಾಡುತ್ತಿದ್ದುದು ಬಾಳೆ, ಕಬ್ಬಿನ ಅಂಗಾಂಶ ಕೃಷಿ: ಗಿಡದ ಒಂದು ತುಣುಕನ್ನು ಬಾಟಲಿಯಲ್ಲಿಟ್ಟು, ಅದಕ್ಕೆ ಆಹಾರ ಕೊಟ್ಟು, ಒಂದರಿಂದ ನೂರು ಮಾಡುವ ಕೆಲಸ. ಮಾಕಳಿ ಅವಳದೇ ಹುಚ್ಚು. ಚಿಕ್ಕಂದಿನಲ್ಲಿ ಬೆಟ್ಟದ ಬಂಡೆಗಳ ಸಂದಿಯಲ್ಲಿ ಎಲ್ಲಿ ನೋಡಿದರೂ ಕಾಣುತ್ತಿದ್ದ ಬಳ್ಳಿ, ಉಪ್ಪಿನಕಾಯಿಗೆ ಅಂತ, ಔಷಧಿಗೆ ಅಂತ ಲಾರಿಗಟ್ಟಲೆ ಕಿತ್ತು ಸಾಗಿಸಿ ಮಾಯವಾಗಿತ್ತು. ಬೇರು ಅಗೆಯುವುದೇ ಕಸುಬಾಗಿದ್ದ ನಾಗಮಂಗಲ ಕಡೆಯ ಕರಿಯಯ್ಯ ಒಂದು ದಿನ ಒಂದು ಕುಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಪ್ರಯೋಗಾಲಯಕ್ಕೆ ತಂದಿದ್ದ. "ಅಮ್ಮಾವ್ರೆ, ನನ್ ಕಣ್ಗೆ ಬಿದ್ದಿದ್ದು ಇದೊಂದೇಯ. ಮುಂದಿನ್ ಸಲ ನಾ ಓಗಾಗಂಟ ಇದೂ ಇರಕಿಲ್ಲ. ನೀವು ಬಾಟ್ಲಿಲಿ ಏನೋ ಮಾಡ್ತೀರಂತಲ್ಲ, ಮಾಡಿ" ಎಂದಿದ್ದ.

ಮಾಡುವುದು ಬಾಯಲ್ಲಿ ಹೇಳಿದಷ್ಟು ಸಲೀಸಾಗಿರಲಿಲ್ಲ. ಕುಡಿಯನ್ನು ಗಿಣ್ಣಿಗೊಂದರಂತೆ ಕತ್ತರಿಸಿ ಬಾಟಲಿಗಿಟ್ಟರೆ, ಕತ್ತರಿಸಿದ ಕಡೆ ಹಾಲು ಸೋರಿ, ಕೆಳಗಿನ ಆಹಾರದ ಲೋಳೆಯೆಲ್ಲ ಕಪ್ಪಾಗಿ, ವಾರದೊಳಗೆ ತುಣುಕು ಸಾಯುತ್ತಿತ್ತು. ಸಾಯದೆ ಉಳಿದದ್ದಕ್ಕೆ ಬೂಷ್ಟು. ಬೂಷ್ಟು ಬಾರದ್ದು ಕರೆಂಟು ಹೋದ ಬೇಸಿಗೆಯಲ್ಲಿ ಬೆಂದುಹೋಗುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಮೊದಲ ಸಲ ಎಂಬತ್ತು ಸಸಿ ಬೇರು ಬಿಟ್ಟು, ಬಾಟಲಿಯಿಂದ ಮಣ್ಣಿಗೆ ಬಂದವು. ಬಾಟಲಿಯ ಸಸಿ ಎಂದರೆ ಹೆರಿಗೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಳೆದ ಕೂಸಿನ ಹಾಗೆ, ಹೊರಗಿನ ಗಾಳಿ ತಡೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಸಿ, ದಿನಕ್ಕೆ ಇಷ್ಟಿಷ್ಟೇ ಸರಿಸುತ್ತ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಅವಳು ಮಗಳು ರಮ್ಯಳ ಜ್ವರಕ್ಕೆಂದು ಎರಡು ದಿನ ರಜ ಹಾಕಿದಾಗ, ಕಾವಲುಗಾರ ನಿಂಗರಾಜು ಅಷ್ಟೂ ಪ್ಲಾಸ್ಟಿಕ್ ತೆಗೆದು ಮಡಿಸಿಟ್ಟಿದ್ದ. "ಪಾಪ, ಉಸ್ರು ಕಟ್ತಿತ್ತು ಮೇಡಮ್ಮೋರೆ, ಒಳ್ಗೆಲ್ಲ ಬೆವ್ತೋಗಿದ್ದೊ" ಎಂದಿದ್ದ. ಎಂಬತ್ತೂ ಬಾಡಿ ಮಲಗಿದ್ದವು. ಆ ಕತೆಯನ್ನು ಅನಸೂಯ ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಅವಳು ಶುರು ಮಾಡಿದರೆ ರಮ್ಯ ಮುಗಿಸುತ್ತಿದ್ದಳು.

ಮತ್ತೆ ಮೊದಲಿಂದ ಮಾಡಿದಳು. ಎರಡನೇ ಸಲದ ಸಸಿಗಳಲ್ಲಿ ಐದನ್ನು ತೊಂಬತ್ತನಾಲ್ಕರ ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ ಊರಿದ್ದು. ಊರುವ ದಿನ ತೋಟಗಾರಿಕೆ ಇಲಾಖೆಯವರು ಬಂದು ಒಂದೊಂದಕ್ಕೂ ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿ ಹೋಗಿದ್ದರು.

ಈಗ ಮೂರನೇ ತಂಡ, ಆರುನೂರ ನಲವತ್ತು ಸಸಿ, ಪಾಂಡವಪುರದ ನೆರಳುಮನೆಯಲ್ಲಿ ಸಿದ್ಧವಾಗಿ ನಿಂತಿತ್ತು. ಕೆ.ಆರ್. ಪೇಟೆ ಕಡೆಯ ಹನ್ನೊಂದು ರೈತರು ಬದುವಿನ ಮೇಲೆ ಹಾಕಿಕೊಳ್ಳುತ್ತೇವೆ ಎಂದಿದ್ದರು. ಆದರೆ ಬೆಳೆದ ಬೇರನ್ನು ಕೊಳ್ಳುವವರು ಯಾರು ಎಂದು ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ಕಡೆಯ ವೈದ್ಯರೆಲ್ಲ ನಡೆಯುವುದು ಶ್ರೀರಂಗಪಟ್ಟಣದ ಶ್ರೀನಿವಾಸಮೂರ್ತಿ ಪಂಡಿತರ ಮಾತಿನ ಮೇಲೆ. ಅವರ ಮಾತು ಒಂದೇ ಆಗಿತ್ತು: "ಬಂಡೆ ಸಂದಿಯಲ್ಲಿ ಬಿಸಿಲು ಕುಡಿದು ಬೆಳೆದದ್ದಕ್ಕೆ ಗುಣ ಇರುತ್ತಮ್ಮ. ಬಾಟಲಿಯಲ್ಲಿ ಸಕ್ಕರೆ ನೀರು ಕುಡಿದು ಬೆಳೆದದ್ದಕ್ಕೆ ಏನಿರುತ್ತೆ?" ಇಲಾಖೆಯ ಪತ್ರ, ತನ್ನ ಪತ್ರ, ತಾನೇ ಎರಡು ಸಲ ಬಸ್ಸು ಹತ್ತಿ ಹೋಗಿ ಅಂಗಲಾಚಿದ್ದು, ಎಲ್ಲ ಆದ ಮೇಲೆ ಅವರು ಒಪ್ಪಿದ್ದು ಇಷ್ಟಕ್ಕೆ: ಬಾಟಲಿ ಗಿಡದ ಬೇರನ್ನು ಕಣ್ಣೆದುರು ಅಗೆದುಕೊಡಿ, ಬಾಯಿಗೆ ಹಾಕಿ ನೋಡಿ ಹೇಳುತ್ತೇನೆ. ಪ್ರಯೋಗಾಲಯದ ಮಾಲೀಕ ವಿಜಯೇಂದ್ರನೂ ಅಷ್ಟೇ ಸ್ಪಷ್ಟವಾಗಿ ಹೇಳಿದ್ದ. ಈ ತಿಂಗಳ ಕೊನೆಗೆ ನೆರಳುಮನೆಗೆ ಬಾಳೆ ಸಸಿ ಬರಬೇಕು, ಅಷ್ಟರಲ್ಲಿ ಮಾಕಳಿಗೆ ಗಿರಾಕಿ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಗುಂಡಿಗೆ.

ನಾಳೆ ಆ ಪಂಡಿತರು ಬರುತ್ತಿದ್ದರು, ಜೊತೆಗೆ ಇಲಾಖೆಯ ಇಬ್ಬರು. ಇವತ್ತು ಅತ್ತೆ ಅದನ್ನು ನಿಂಬೆರಸಕ್ಕೆ ಹಾಕುತ್ತಿದ್ದರು.

"ಹದಿನೈದು ದಿನದಿಂದ ಹೇಳ್ತಾ ಇದ್ದೀನಲ್ಲ ಅತ್ತೆ, ಅವರ ಎದುರಿಗೇ ಅಗೆಯಬೇಕು ಅಂತ. ಒಂದು ದಿನ ಕಾಯಕ್ಕಾಗಲಿಲ್ವಾ?"

"ನಾಳೀಕೆ ಏನು?"

"ಏನು?"

"ಅಮಾಸೆ. ಕ್ಯಾಲೆಂಡ್ರು ನೋಡಿದ್ದೀಯಾ? ಅಮಾಸೆ ದಿನ ಯಾರಾರಾ ಮದ್ದಿನ್ ಬೇರು ಕೀಳ್ತಾರಾ? ಕರಿಯಯ್ಯ ಆರೆ ಮುಟ್ಟಾಕೇ ಇಲ್ಲ ಅಂದ್ಬುಟ್ಟ. ಅಷ್ಟ್ ದೂರದಿಂದ ಬಂದೋರು ಬರ್‍ಗೈಲಿ ವಾಪಸ್ಸೋದ್ರೆ ಯಾರಿಗೆ ಅವ್ಮಾನ? ನಿಂಗೇ ತಾನೆ. ಅದ್ಕೇ ಒಂದಿನ ಮುಂಚೆ ತೆಗುಸ್ಬುಟ್ಟೆ. ಒಳ್ಳೇದು ಮಾಡಾಕೋದ್ರೆ ಇಂಗೆ."

"ಆಯ್ತು, ತೆಗೆಸಿದ್ರಿ. ಹಂಗೇ ಮಡಗಬಾರದಿತ್ತಾ? ಹೆಚ್ಚಿದ್ದು ಯಾಕೆ?"

"ಕಿತ್ತುದ್ ಮಾಕಳಿ ಅಂಗೇ ಮಡಗುದ್ರೆ ಒಣಗಿ ಸೌದೆ ಆಯ್ತದೆ. ಬರೋರೋ ಉಣ್ಣೋ ಒತ್ಗೆ ಬತ್ತಾವ್ರೆ. ಕೈಗೊಂದು ಬೇರ್ ಕಡ್ಡಿ ಕೊಟ್ಟು ಓಗ್ರಪ್ಪ ಅಂತ ಕಳ್ಸಾಕಾಯ್ತದಾ?"

"ಅವರು ಊಟಕ್ಕೆ ಬರ್ತಿಲ್ಲ ಅತ್ತೆ. ಬೇರು ನೋಡಕ್ಕೆ ಬರ್ತಿದ್ದಾರೆ."

"ನೋಡಾದ್ಮೇಲೆ ಉಣ್ಣಲ್ವಾ?"

ದೊಡ್ಡತಾಯಮ್ಮ ಎರಡು ವರ್ಷ ಆ ಐದು ಗಿಡಗಳಿಗೆ ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕಿದವರು. ಮಾಕಳಿಯನ್ನು ಯಾರಾದರೂ ಉಪ್ಪಿನಕಾಯಿಗಲ್ಲದೆ ಬೇರೆ ಯಾವುದಕ್ಕಾದರೂ ಬೆಳೆಸುತ್ತಾರೆ ಎಂದು ಅವರಿಗೆ ಅನ್ನಿಸಿರಲೇ ಇಲ್ಲ ಎಂಬುದು ಅನಸೂಯಳಿಗೆ ಈಗ ಹೊಳೆಯುತ್ತಿತ್ತು.

ಅಷ್ಟರಲ್ಲಿ ಗಂಡ ರವೀಂದ್ರ ಹಾಲಿನ ಡೈರಿಯಿಂದ ಬಂದ. ಅಲ್ಲಿ ಅವನು ಸೆಕ್ರೆಟರಿ. ಬಂದವನೇ ಮೊರದಿಂದ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡು, "ಅವ್ವಾ, ಉಪ್ಪು ಇನ್ನೊಂಚೂರು ಇಡೀತದೆ" ಅಂದ. ಆಮೇಲೆ ಹೆಂಡತಿಯ ಮುಖ ಕಂಡಿತು. ಅಗಿಯುವುದು ನಿಧಾನವಾಯಿತು.

"ಏನಾಯ್ತೀಗ?"

"ಏನಿಲ್ಲ. ನನ್ನ ಆರು ವರ್ಷದ ಕೆಲಸಾನ ತಿಂತಾ ಇದ್ದೀರಿ. ತಿನ್ನಿ."

"ಬುಡು, ಲ್ಯಾಬಲ್ಲಿ ಇನ್ನೂ ಆರ್ನೂರು ಅವಲ್ಲ."

"ಅದರ ಬೇರು ಬೆಂಕಿಕಡ್ಡಿ ಗಾತ್ರ ಇದೆ ಕಣ್ರೀ. ಅದರಲ್ಲಿ ವಾಸನೆ ಬರಬೇಕಾದರೆ ಇನ್ನೂ ಎರಡು ವರ್ಷ. ತಿಂಗಳ ಕೊನೆಗೆ ಅವನ್ನ ಗುಂಡಿಗೆ ಹಾಕ್ತಾರೆ."

"ಬೆಳಗ್ಗೆ ಚಿನಕುರಳಿಗೆ ಓಗಿ ಫೋನ್ ಮಾಡಿ, ಬರಬ್ಯಾಡಿ ಅಂದ್ಬುಡಾನ. ಮುಂದಿನ್ ವಾರ ಬನ್ನಿ ಅಂತ."

"ಮುಂದಿನ ವಾರ ಏನು ತೋರಿಸ್ಲಿ? ಭರಣಿನಾ?"

ಅವನು ಎರಡನೇ ಹೋಳಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ರಮ್ಯ ಮಗ್ಗಿ ಪುಸ್ತಕದಿಂದ ತಲೆಯೆತ್ತಿ, ಅಪ್ಪನಿಗೆ ಸಿಕ್ಕಿತು, ತನಗಿಲ್ಲವೇ ಎಂದಳು. ಅನಸೂಯ ಎದ್ದು ಒಳಗೆ ಹೋದಳು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಹೊಲದ ಕಡೆ ಹೋಗಿ ಬರಬಹುದಿತ್ತು, ಟಾರ್ಚು ಇತ್ತು. ಐದು ಗುಂಡಿಗಳನ್ನು ನೋಡಲು ಮನಸ್ಸು ಬರಲಿಲ್ಲ.

ಬೆಳಗ್ಗೆಯೂ ಹೋಗಲಿಲ್ಲ. ರಮ್ಯಳ ತಲೆ ಬಾಚುತ್ತ, ಡಬ್ಬಿಗೆ ಹಾಕುತ್ತ, ಬಂದವರಿಗೆ ಹೇಳಬೇಕಾದ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದಳು. ಯಾವ ಬಗೆಯಲ್ಲಿ ಹೇಳಿದರೂ ಕೊನೆಗೆ ಉಪ್ಪಿನಕಾಯಿಯೇ ಬರುತ್ತಿತ್ತು.

ಹನ್ನೊಂದಕ್ಕೆ ಅಂದವರು ಹನ್ನೊಂದೂಮುಕ್ಕಾಲಿಗೆ ಜೀಪಿನಲ್ಲಿ ಬಂದರು. ಇಲಾಖೆಯ ಇಬ್ಬರಲ್ಲಿ ಒಬ್ಬರು ದಪ್ಪಗೆ, ಕಂಕುಳಲ್ಲಿ ಫೈಲು. ಇನ್ನೊಬ್ಬ ಹೊಸಬ, ಕತ್ತಿಗೆ ಕ್ಯಾಮೆರಾ. ಹಿಂದಿನ ಸೀಟಿನಿಂದ ಪಂಡಿತರು ಕಚ್ಚೆ ಪಂಚೆ ಸರಿಮಾಡಿಕೊಂಡು ಇಳಿದರು. ಎಪ್ಪತ್ತು ದಾಟಿದ ಒಣಕಲು ದೇಹ. ಎರಡು ಹೆಜ್ಜೆ ಇಟ್ಟವರು ಹಟ್ಟಿಬಾಗಿಲಲ್ಲೇ ನಿಂತು ತಲೆಯನ್ನು ಸ್ವಲ್ಪ ಎತ್ತಿದರು.

"ಮಾಕಳಿ" ಅಂದರು. "ಯಾವ ಬೆಟ್ಟದ್ದಮ್ಮ? ಒಳ್ಳೇ ಬೇರು ಸಿಕ್ಕಿದ ಹಾಗಿದೆಯಲ್ಲ."

ನಿನ್ನೆ ಸಂಜೆ ಅನಸೂಯಳ ಮೂಗಿಗೂ ಇದೇ ಬಡಿದಿತ್ತು. ಸಿಟ್ಟಿನ ಭರದಲ್ಲಿ ಅದರ ಅರ್ಥ ಏನೆಂದು ಯೋಚಿಸಿರಲೇ ಇಲ್ಲ. ಬಾಟಲಿ ಗಿಡದ ಬೇರಿನಲ್ಲಿ ಏನಿರುತ್ತೆ ಎಂದವರು, ಹತ್ತು ಮಾರು ದೂರದಿಂದ ಬೆಟ್ಟ ಯಾವುದು ಎಂದು ಕೇಳುತ್ತಿದ್ದರು.

"ಬೆಟ್ಟದ್ದಲ್ಲ ಪಂಡಿತರೇ. ಇದೇ ನಮ್ಮ ಬಾಟಲಿ ಗಿಡದ್ದು. ನಿನ್ನೆ ನಮ್ಮ ಅತ್ತೆ, ನನಗೆ ಗೊತ್ತಿಲ್ಲದೆ," ಎಂದು ಶುರು ಮಾಡಿ, ಅಮಾವಾಸ್ಯೆ, ಅಗೆಸಿದ್ದು, ಭರಣಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ದಪ್ಪ ಅಧಿಕಾರಿ ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. "ಅಂದ್ರೆ ಮೇಡಂ, ನಾವು ಬಂದಿರೋದು ಉಪ್ಪಿನಕಾಯಿ ತಪಾಸಣೆಗಾ?"

ಪಂಡಿತರ ದೃಷ್ಟಿ ಜಗಲಿಯ ಮೇಲೆ ಹೋಗಿತ್ತು. ದೊಡ್ಡತಾಯಮ್ಮ ಊಟಕ್ಕೆ ಹೇಳಿದ್ದರೆಂದು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ ಕರಿಯಯ್ಯ ಅಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದವನು ಎದ್ದು ನಿಂತ.

"ನೀನು ಕರಿಯಯ್ಯ ಅಲ್ಲವೇನೋ?"

"ಊ ಸ್ವಾಮಿ, ನಾನೇಯ."

"ಮೂವತ್ತು ವರ್ಷ ನನಗೆ ಬೆಟ್ಟದ ಬೇರು ತಂದುಕೊಟ್ಟವನು ನೀನು." ಪಂಡಿತರು ಅನಸೂಯಳ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನೋಡಮ್ಮ, ನೀನು ಕಷ್ಟಪಟ್ಟಿದ್ದೀ, ಇಲ್ಲ ಅನ್ನಲ್ಲ. ಆದರೆ ನಾನು ಬರೋ ಹಿಂದಿನ ದಿನ ಗಿಡ ಕಿತ್ತುಹೋಗುತ್ತೆ. ಕಿತ್ತವನು ಇವನು. ಬೇರು ಹೋಳಾಗಿ ಉಪ್ಪಿನಲ್ಲಿದೆ. ಇದು ಬೆಟ್ಟದ್ದೋ ಬದುವಿಂದೋ ಅಂತ ನಾನು ಯಾವ ಆಧಾರದ ಮೇಲೆ ಹೇಳಲಿ? ಉಪ್ಪು, ನಿಂಬೆಹುಳಿ ಬಿದ್ದದ್ದನ್ನ ನಾನು ಬಾಯಿಗೆ ಹಾಕೋ ಹಾಗೂ ಇಲ್ಲ. ಹೊರಗೆ ಊಟ ಮಾಡಿದವನಲ್ಲ ನಾನು."

ಮುಗಿಯಿತು ಎಂದುಕೊಂಡಳು ಅನಸೂಯ. ವಾಸನೆ ಬಾರದಿದ್ದರೆ ಬಾಟಲಿ ಗಿಡಕ್ಕೆ ಗುಣವಿಲ್ಲ. ವಾಸನೆ ಬಂದರೆ ಅದು ಬಾಟಲಿ ಗಿಡವೇ ಅಲ್ಲ. ಎರಡೂ ಕಡೆ ಬಾಗಿಲು ಹಾಕಿದ ಮೇಲೆ ಇನ್ನೇನಿದೆ? ವಿಜಯೇಂದ್ರನಿಗೆ ಏನು ಹೇಳುವುದು, ಗುಂಡಿಗೆ ಹಾಕುವ ಕೆಲಸವನ್ನು ತಾನೇ ಮಾಡುವುದೋ ನಿಂಗರಾಜುವಿಗೆ ಬಿಡುವುದೋ ಎಂಬಲ್ಲಿಗೆ ಅವಳ ಯೋಚನೆ ಹೋಗಿಬಿಟ್ಟಿತ್ತು.

ಕರಿಯಯ್ಯ ಎಲೆಯಡಿಕೆ ಉಗಿದು ಬಂದ. ಅವನ ಮುಖ ಬಿಗಿದಿತ್ತು.

"ಸ್ವಾಮಿ, ಮೂವತ್ ವರ್ಸದಲ್ಲಿ ನಿಮ್ಗೆ ಒಂದ್ ಕಿತ ಸುಳ್ ಬೇರು ಕೊಟ್ಟಿವ್ನಾ? ಅನ್ಮಾನ ಇದ್ರೆ ಓಗಿ ಗಿಡ ನೋಡ್ಕಳಿ. ಅಲ್ಲೇ ಅವಲ್ಲ."

"ಏನಲ್ಲೇ ಅವೆ?" ಅಂದಳು ಅನಸೂಯ.

"ಗಿಡ ಕಣ್ರಮ್ಮಾವ್ರೆ. ಬದಿನ್ ಮೇಲೆ."

"ನೀನು ಕಿತ್ತಿದ್ದೀಯಲ್ಲ?"

"ಕಿತ್ತಿದ್ದು ಬೇರ. ಗಿಡವ ಯಾಕ್ ಕೀಳಾನೆ?" ಕರಿಯಯ್ಯ ಅವಳನ್ನು ತೀರ ಎಳಸನ್ನು ನೋಡುವಂತೆ ನೋಡಿದ. "ಪಕ್ಕದ್ ಬೇರ ತಕ್ಕಂಡು, ತಾಯಿ ಬೇರ್ನೂ ಅದ್ರ ಜೊತೀಗೆ ಇನ್ನೊಂದ್ನೂ ಬುಟ್ಟು, ಮಣ್ ಮುಚ್ಚಿ, ಚೊಂಬು ನೀರು ಉಯ್ದಿವ್ನಿ. ನಮ್ಮಪ್ಪ ಕಲ್ಸಿದ್ದೇ ಅಂಗೆ. ಬುಡಸಮೇತ ಕೀಳಾದು ಲಾರಿಯೋರು ತಂದ ಇದ್ಯೆ. ಅವ್ರು ಬರಾಗಂಟ ಬೆಟ್ಟ ಖಾಲಿಯಾಗಿತ್ತಾ?"

ಅನಸೂಯ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ದೊಡ್ಡತಾಯಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲ ಕೇಳುತ್ತ ನಿಂತಿದ್ದರು.

"ಗಿಡ ಇದೆ ಅಂತ ನಿನ್ನೆ ಯಾಕೆ ಹೇಳಲಿಲ್ಲ ಅತ್ತೆ?"

"ನೀ ಎಲ್ಲಿ ಕೇಳ್ದೆ? ಬಂದೇಟ್ಗೆ ಕೂಗಾಡಾಕ್ ಸುರುಮಾಡ್ದೆ. ಬೇರ್ ಬೇರ್ ಅಂತಿದ್ದೆ, ಗಿಡದ್ ಮಾತೇ ಎತ್ನಿಲ್ಲ."

ಎಲ್ಲರೂ ಹೊಲದ ಕಡೆ ನಡೆದರು. ಅನಸೂಯ ನಡೆಯಲಿಲ್ಲ, ಹೆಚ್ಚುಕಡಿಮೆ ಓಡಿದಳು. ಬದುವಿನ ಮೇಲೆ ಐದು ಬಳ್ಳಿಯೂ ಊರುಗೋಲು ಹಬ್ಬಿಕೊಂಡು ನಿಂತಿದ್ದವು. ಎಲೆ ಒಂದಿಷ್ಟು ಜೋತಿತ್ತು, ಬುಡದಲ್ಲಿ ಹೊಸ ಮಣ್ಣು, ಅಷ್ಟೇ. ಬಿಲ್ಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕಟ್ಟಿದ ತಂತಿ ಎರಡು ವರ್ಷದಲ್ಲಿ ಕಾಂಡದ ತೊಗಟೆಯೊಳಗೆ ಹುದುಗಿಹೋಗಿತ್ತು. ಕ್ಯಾಮೆರಾದವನು ಬಗ್ಗಿ ನಂಬರು ಓದಿದ, ದಪ್ಪನೆಯವರು ಫೈಲಿನಲ್ಲಿ ನೋಡಿ ಸರಿಯಿದೆ ಎಂದರು. ಪಂಡಿತರು ತಂತಿಯ ಮೇಲೆ ಬೆರಳಾಡಿಸಿ, ತೊಗಟೆ ಅದನ್ನು ನುಂಗಿದ್ದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಸರಿ. ಇದನ್ನ ನಿನ್ನೆ ಮೊನ್ನೆ ಕಟ್ಟಿದ್ದಲ್ಲ" ಎಂದರು. "ಅಗೆಸಮ್ಮ."

ಯಾರೂ ಅಲುಗಲಿಲ್ಲ.

"ಕರಿಯಯ್ಯ" ಅಂದಳು ಅನಸೂಯ.

"ಅಮಾಸೆ ಅಮ್ಮಾವ್ರೆ."

"ಒಂದು ಬೇರು ಕಣಯ್ಯ. ಒಂದೇ ಒಂದು."

"ಒಂದಾದ್ರೂ ಅಮಾಸೆ ಅಮಾಸೆನೇಯ. ನಾ ಮುಟ್ಟಾಕಿಲ್ಲ. ನಮ್ಮಪ್ಪ ಮುಟ್ನಿಲ್ಲ."

ಅವಳು ಗಂಡನ ಕಡೆ ನೋಡಿದಳು. ರವೀಂದ್ರ ತಾಯಿಯ ಕಡೆ ನೋಡಿದ. ದೊಡ್ಡತಾಯಮ್ಮ ಆಕಾಶದ ಕಡೆ ನೋಡಿದರು. ದಪ್ಪ ಅಧಿಕಾರಿ ಗಡಿಯಾರ ನೋಡಿಕೊಂಡು, "ಮೇಡಂ, ಅಮಾವಾಸ್ಯೆ ಇತ್ತು ಅಂತ ರಿಪೋರ್ಟಲ್ಲಿ ಬರೆಯಕ್ಕಾಗಲ್ಲ. ಬೇಗ ಆಗಲಿ" ಅಂದರು.

"ನೀವೇ ಎರಡು ಏಟು ಹಾಕಿ ಸಾರ್ ಮತ್ತೆ."

"ನಾವಾ?" ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮ ಕೆಲಸ ನೋಡೋದು. ಅದೂ ಅಲ್ಲದೆ, ಸುಮ್ಮನೆ ಯಾಕೆ. ನಮ್ಮನೇಲೂ ಇದೆಲ್ಲ ನಡೆಸ್ತಾರೆ."

ಕೊನೆಗೆ ಪಂಡಿತರೂ ಮೆಲ್ಲಗೆ ಕೆಮ್ಮಿ, "ನಮ್ಮಲ್ಲೂ ಈ ದಿನ ಮೂಲಿಕೆ ತೆಗೆಯೋದಿಲ್ಲ, ನಿಜ. ಈ ದಿನ ಗೊತ್ತುಮಾಡಿದ್ದು ಇವರು, ನಾನಲ್ಲ" ಎಂದರು.

ಅನಸೂಯಳಿಗೆ ಒಂದು ಕ್ಷಣ ಅಲ್ಲೇ ಕುಳಿತು ನಗಬೇಕೆನ್ನಿಸಿತು, ಅಥವಾ ಎಲ್ಲರನ್ನೂ ಜೀಪಿಗೆ ತುಂಬಿ ಕೆರೆಯ ಕಡೆ ತಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬದುವಿಗೆ ಒರಗಿಸಿದ್ದ ಗುದ್ದಲಿಯನ್ನು ಎತ್ತಿಕೊಂಡಳು.

"ಅನೂ, ಬ್ಯಾಡ ಕಣವ್ವ" ಅಂದರು ಅತ್ತೆ.

"ನೀವು ಸುಮ್ಮನಿರಿ ಅತ್ತೆ. ನಿನ್ನೆ ಐದು ಗಿಡದ್ದು ಕೀಳಿಸಿದ್ದೀರಿ, ಇವತ್ತು ನನ್ನ ಸರದಿ."

ಮೊದಲ ಏಟಿಗೇ ಕರಿಯಯ್ಯನ ಬಾಯಿ ಶುರುವಾಯಿತು. ಮುಟ್ಟುವುದಿಲ್ಲ ಎಂದವನು ಎರಡು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕ್ರಿಕೆಟ್ಟಿನ ಕಾಮೆಂಟರಿಯ ಹಾಗೆ ಒಂದೇ ಸಮನೆ ಹೇಳತೊಡಗಿದ. "ಅಂಗಲ್ಲ, ಅಂಗಲ್ಲ. ಗುದ್ಲಿ ಮಡಗಿ, ಕೈಲಿ ಕೆದ್ರಿ. ಆ ಕಡೀಕೆ ಓಗ್ಬ್ಯಾಡಿ, ಅಲ್ಲಿ ತಾಯಿ ಅವ್ಳೆ. ಈ ಮಗ್ಗುಲು. ಬುಡದಿಂದ ಕುಯ್ಬ್ಯಾಡಿ, ತುದೀಲಿ ಒಂದ್ ಗೇಣು ಸಾಕು. ಏನಮ್ಮಾವ್ರೆ, ಬಾಟ್ಲಿಲಿ ಅಷ್ಟು ನಾಜೂಕಾಗಿ ಮಾಡೋರು ಇಲ್ಲಿ ಎಮ್ಮೆ ಕೆದರ್ದಂಗೆ ಕೆದರ್ತೀರಲ್ಲ."

"ಕರಿಯಯ್ಯ, ಇಲ್ಲ ನೀನು ಬಂದು ಅಗಿ. ಇಲ್ಲ ಬಾಯಿ ಮುಚ್ಕೊ."

"ಮುಚ್ದೆ. ಮುಚ್ದೆ. ಆ ಕಲ್ಲ ಎತ್ತಿ ಮೊದ್ಲು."

ಮಣ್ಣಿನಡಿ ಬೇರು ಸಿಕ್ಕಿತು. ತೋರುಬೆರಳ ಗಾತ್ರ, ಮಣ್ಣಲ್ಲಿ ನೆಟ್ಟಗೆ ಇಳಿದಿತ್ತು. ಗೇಣುದ್ದ ಕತ್ತರಿಸಿ ತೆಗೆದಾಗ ಕತ್ತರಿಸಿದ ಬಾಯಿಯಲ್ಲಿ ಹಾಲು ಕಟ್ಟಿತು. ಆರು ವರ್ಷದ ಹಿಂದೆ ಬಾಟಲಿಯ ಲೋಳೆಯನ್ನೆಲ್ಲ ಕಪ್ಪು ಮಾಡಿ ಅವಳನ್ನು ಅಳಿಸಿದ್ದು ಇದೇ ಹಾಲು. ಉಗುರಲ್ಲಿ ಮಣ್ಣು, ಸೀರೆಯ ಅಂಚಿನಲ್ಲಿ ಮಣ್ಣು. ಎದ್ದು ನಿಂತು ಅದನ್ನು ಪಂಡಿತರ ಕೈಗಿಟ್ಟಳು.

ಪಂಡಿತರು ಬೇರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೆಟ್ಟದ ಬೇರು ಹೀಗೆ ನೆಟ್ಟಗಿರೋದಿಲ್ಲ. ಬಂಡೆ ಒತ್ತಿ ಒತ್ತಿ ಚಪ್ಪಟೆಯಾಗಿ, ಸೊಟ್ಟಗಾಗಿರುತ್ತೆ" ಎಂದು ತಮಗೆ ತಾವೇ ಹೇಳಿಕೊಂಡರು. ಜೀಪಿನಿಂದ ತರಿಸಿದ ನೀರಲ್ಲಿ ತೊಳೆದು, ಉತ್ತರೀಯದ ತುದಿಯಲ್ಲಿ ಒರೆಸಿ, ಉಗುರಿನಿಂದ ಸಿಪ್ಪೆ ಬಿಡಿಸಿ, ನಾರು ತೆಗೆದು, ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಅಗಿದರು. ಅನಸೂಯ ಅವರ ದವಡೆಯನ್ನೇ ನೋಡುತ್ತ ನಿಂತಳು. ಎಲ್ಲೋ ಟ್ರಾಕ್ಟರಿನ ಸದ್ದು. ಪಂಡಿತರು ಆ ಕಡೆ ದವಡೆಯಿಂದ ಈ ಕಡೆಗೆ ಬದಲಾಯಿಸಿದರು. ಮತ್ತೆ ಅಗಿದರು. ಅಷ್ಟು ಹೊತ್ತು ಒಂದು ಚೂರನ್ನು ಅಗಿಯಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಪಕ್ಕಕ್ಕೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದರು.

"ಎಳಸು" ಎಂದರು.

ಅವಳು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ನಾಲಿಗೆ ಚುರುಕ್ಕನ್ನಬೇಕು, ಆಮೇಲೆ ತಂಪಾಗಬೇಕು. ತಂಪಿದೆ. ಚುರುಕು ಇನ್ನೂ ಪೂರ್ತಿ ಬಂದಿಲ್ಲ. ಇನ್ನೊಂದು ವರ್ಷ ನೆಲದಲ್ಲಿ ಬಿಡಬೇಕಿತ್ತು." ಅವರು ಉಳಿದ ಬೇರನ್ನು ಮತ್ತೊಮ್ಮೆ ಮೂಗಿಗೆ ಹಿಡಿದರು. "ಆದರೆ ಮಾಕಳಿನೇ, ಅನುಮಾನವಿಲ್ಲ. ಸಕ್ಕರೆ ನೀರು ಅಂತ ನಾನು ಅಂದದ್ದು ತಪ್ಪಾಯ್ತಮ್ಮ. ಮೂರನೇ ವರ್ಷದ ಬೇರಾದರೆ ನಾನು ತಗೋತೀನಿ, ನಮ್ಮವರಿಗೂ ಹೇಳ್ತೀನಿ. ಆ ಕೆ.ಆರ್. ಪೇಟೆಯ ರೈತರಿಗೆ ತಿಳಿಸು. ಒಂದು ಷರತ್ತು. ಈ ಕರಿಯಯ್ಯ ಅಗೆದ ಹಾಗೆ ಅಗೆಯಬೇಕು, ತಾಯಿ ಬಿಟ್ಟು. ಬುಡಸಮೇತ ತಂದರೆ ವಾಪಸು ಕಳಿಸ್ತೀನಿ."

"ಬರೆದುಕೊಡ್ತೀರಾ ಪಂಡಿತರೇ?"

"ಕೊಡಮ್ಮ ಕಾಗದ."

ಜೀಪಿನ ಬಾನೆಟ್ಟಿನ ಮೇಲೆ ಫೈಲು ಇಟ್ಟು ಬರೆದರು. ದಪ್ಪನೆಯವರು ಅದರ ಕೆಳಗೆ ರುಜು ಹಾಕಿ, ಉಳಿದ ಬೇರನ್ನು ಲಕೋಟೆಗೆ ಹಾಕಿಕೊಂಡರು. ಕರಿಯಯ್ಯ, ತಾನು ಮುಟ್ಟದೆ, ರವೀಂದ್ರನ ಕೈಯಲ್ಲಿ ಗುಂಡಿ ಮುಚ್ಚಿಸಿ ನೀರು ಹಾಕಿಸುತ್ತಿದ್ದ. ಅನಸೂಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಗಂಟುಹಾಕಿಕೊಂಡಳು. ರಾತ್ರಿಯಿಡೀ ನಿದ್ದೆಗೆಟ್ಟದ್ದು, ಅತ್ತೆಗೆ ಅಂದದ್ದು, ಗಂಡನಿಗೆ ಅಂದದ್ದು, ಎಲ್ಲವೂ ನಿನ್ನೆ ಸಂಜೆಯೇ ಹೊಲದ ಕಡೆ ಐದು ನಿಮಿಷ ನಡೆದು ಬಂದಿದ್ದರೆ ಬೇಕಾಗಿರಲಿಲ್ಲ. ಈ ಲೆಕ್ಕ ಅವಳಿಗೆ ಸಮಾಧಾನದ ಬದಲು ಹೊಸ ಸಿಟ್ಟನ್ನೇ ತಂದಿತು; ಈ ಸಲ ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಅತ್ತೆ ಹೇಳಿದಂತೆಯೇ, ನೋಡಾದ ಮೇಲೆ ಎಲ್ಲರೂ ಊಟಕ್ಕೆ ಕುಳಿತರು. ಪಂಡಿತರು ಜಗಲಿಯ ಮೇಲೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ತೆಗೆದುಕೊಂಡು, ಮಾಕಳಿಯನ್ನು ನಿಂಬೆರಸದ ಬದಲು ಮಜ್ಜಿಗೆಗೆ ಹಾಕಿದ್ದರೆ ಇನ್ನೂ ಆರು ತಿಂಗಳು ಹೆಚ್ಚು ಬಾಳುತ್ತಿತ್ತಲ್ಲ ಎಂದು ದೊಡ್ಡತಾಯಮ್ಮನೊಡನೆ ವಾದಕ್ಕಿಳಿದರು. ಇಲಾಖೆಯವರಿಗೆ ಮುದ್ದೆ, ಅವರೆಕಾಳಿನ ಸಾರು, ಅನ್ನಕ್ಕೆ ಮಾಕಳಿ, ಮಜ್ಜಿಗೆಗೆ ಮಾಕಳಿ. ಕ್ಯಾಮೆರಾದವನು ಎರಡು ಸಲ ಹಾಕಿಸಿಕೊಂಡ. ನಿನ್ನೆ ತಾನೇ ಹಾಕಿದ್ದಾದರೂ ಪರವಾಗಿಲ್ಲ, ನಾಲಿಗೆಗೆ ಹಿಡಿಯುತ್ತೆ ಎಂದು ದಪ್ಪನೆಯವರು ಹೊಗಳಿದರು.

ಹೊರಡುವಾಗ ದೊಡ್ಡತಾಯಮ್ಮ ದಪ್ಪ ಅಧಿಕಾರಿಯ ಕೈಗೆ ಒಂದು ಗಾಜಿನ ಬಾಟಲಿ ಕೊಟ್ಟರು. ಒಳಗೆ ಕುತ್ತಿಗೆಯವರೆಗೆ ಉಪ್ಪಿನಕಾಯಿ. "ಮನೇಲಿ ಎಂಗುಸ್ರಿಗೆ ಕೊಡಪ್ಪ." ಜೀಪು ತಿರುಗಿ ಧೂಳೆಬ್ಬಿಸಿ ಹೋದ ಮೇಲೆ ಅನಸೂಯಳಿಗೆ ಆ ಬಾಟಲಿಯ ಮುಚ್ಚಳ ಯಾಕೋ ಕಣ್ಣಿಗೆ ಕಟ್ಟಿತು.

"ಅತ್ತೆ, ಆ ಬಾಟಲಿ ಎಲ್ಲಿತ್ತು?"

"ನಿನ್ ಬ್ಯಾಗಲ್ಲೇ ಇತ್ತು. ಪೇಪರ್ ಸುತ್ತಿದ್ದೆ. ತಳ್ದಲ್ಲಿ ಎಂತದೋ ಲೋಳೆ ಇತ್ತು, ಬಿಸ್ನೀರಾಕಿ ತೊಳ್ದೆ."

ಬೆಳಗ್ಗೆಯಿಂದ ಬ್ಯಾಗು ತೆಗೆದೇ ಇರಲಿಲ್ಲ. ಬಾಟಲಿ ತೋರಿಸುವುದು ಯಾರಿಗೂ ನೆನಪಾಗಿರಲಿಲ್ಲ, ಅವಳಿಗೂ.

"ಅದರಲ್ಲಿ ಗಿಡ ಇತ್ತಲ್ಲ ಅತ್ತೆ." ದನಿ ಏರಲೂ ಶಕ್ತಿ ಉಳಿದಿರಲಿಲ್ಲ.

"ಇತ್ತು. ಇತ್ಲಲ್ಲಿ ಊರಿವ್ನಿ."

ಅನಸೂಯ ಹಿತ್ತಲಿಗೆ ಹೋದಳು. ಬಚ್ಚಲ ನೀರು ಹರಿಯುವ ಕಡೆ, ನುಗ್ಗೆ ಮರದ ನೆರಳಲ್ಲಿ, ಒಡೆದ ಮಡಕೆಯ ಕರಿ ಮಣ್ಣಿನಲ್ಲಿ ಬೆರಳುದ್ದದ ಸಸಿ ನಿಂತಿತ್ತು. ಅದರ ಮೇಲೆ ನಾಲ್ಕು ಕಡ್ಡಿ ನೆಟ್ಟು, ಸೀರೆ ಅಂಗಡಿಯ ತೆಳು ಪ್ಲಾಸ್ಟಿಕ್ ಕವರನ್ನು ಕವುಚಿ, ಸುತ್ತಲೂ ಅಂಚಿಗೆ ಬೆಣಚುಕಲ್ಲು ಹೇರಿದ್ದರು. ಒಳಗೆ ಪ್ಲಾಸ್ಟಿಕ್ಕಿನ ತುಂಬ ಬೆವರ ಹನಿ. ಎಲೆ ಎರಡೂ ನೆಟ್ಟಗಿದ್ದವು.

ಹಿಂದಿನಿಂದ ಅತ್ತೆ ಬಂದು ನಿಂತರು. "ಆ ವಾಚ್ಮನ್ನು ಪಿಲಾಸ್ಟಿಕ್ ತೆಗ್ದು ಸಾಯ್ಸ್ದ, ಸಾಯ್ಸ್ದ ಅಂತ ನಾಕ್ ವರ್ಸದಿಂದ ತಲೆ ತಿಂದಿದ್ದೀಯಲ್ಲ, ಅಷ್ಟೂ ಗೊತ್ತಾಗಕಿಲ್ವಾ ನಂಗೆ?"

ಬಯ್ಯಲು ಏನಾದರೂ ಸಿಗುತ್ತದೆಯೇ ಎಂದು ಅನಸೂಯ ಕವರಿನ ಸುತ್ತ ಒಂದು ಸಲ ಬಂದಳು. ಕಲ್ಲು ಭದ್ರವಾಗಿತ್ತು. ಮಣ್ಣು ಹದವಾಗಿತ್ತು. ನೆರಳಿನ ಜಾಗವೂ ಸರಿಯಾಗಿಯೇ ಇತ್ತು.

"ಕೋಳಿ ಬರುತ್ತೆ ಇಲ್ಲಿಗೆ" ಎಂದಳು ಕೊನೆಗೆ.

"ಮಂಕ್ರಿ ಕವುಚ್ತೀನಿ ಬುಡು, ರಾತ್ರಿಗೆ" ಎಂದರು ದೊಡ್ಡತಾಯಮ್ಮ. "ನೀ ಓಗಿ ಮೊದ್ಲು ಉಣ್ಣು. ಒತ್ತಾಯ್ತು."